ಹಳೆಯದೆಂದು ತೀರ್ಪು ಕೊಡುವವರು ಯಾರು?

ನಮ್ಮ ಜಿಲ್ಲೆಯ ಒಂದು ಹೋಬಳಿಯ ಪ್ರೌಢಶಾಲೆಯಲ್ಲಿ ಎಂಟು ಕಂಪ್ಯೂಟರುಗಳಿವೆ. ಶಾಲೆಯ ಹೆಸರು ಇಲ್ಲಿ ಬೇಡ. ಪಟ್ಟಣದವರು ತಾವು ಬಳಸಿ ಬಿಟ್ಟ ಯಂತ್ರಗಳನ್ನು ದಾನವಾಗಿ ಕೊಟ್ಟದ್ದು. 32 ಬಿಟ್ಟಿನ ಪ್ರೊಸೆಸರು, 1 ಜಿಬಿ ಮೆಮೊರಿ. 2016ರಲ್ಲಿ ಯಾರೋ ಪುಣ್ಯಾತ್ಮರು ಬಂದು ಉಬುಂಟು 16.04 ಎಂಬ ಆಪರೇಟಿಂಗ್ ಸಿಸ್ಟಮ್ಮನ್ನು ಹಾಕಿ, ಮಕ್ಕಳಿಗೆ ನಾಲ್ಕು ಪಾಠ ಹೇಳಿ ಹೋದರು. ಅಂದಿನಿಂದ ಅವನ್ನು ಮುಟ್ಟಿ ನೋಡಿದವರಿಲ್ಲ. ಈಚೆಗೆ ತಪಾಸಣೆಗೆಂದು ಬಂದ ಒಬ್ಬ ಅಧಿಕಾರಿಗಳು ಬಾಗಿಲಲ್ಲೇ ನಿಂತು, “ಇವೆಲ್ಲ ಔಟ್‌ಡೇಟೆಡ್ ಕಣಮ್ಮ, ಪಟ್ಟಿ ಮಾಡಿ ಗುಜರಿಗೆ ಹಾಕಿಸಿ” ಎಂದು ಮುಖ್ಯೋಪಾಧ್ಯಾಯಿನಿಯವರಿಗೆ ಹೇಳಿ ಹೋದರು. ಗುಜರಿಗೆ ಹಾಕಿದ ಮೇಲೆ ಮಕ್ಕಳು ಯಾವುದರ ಮೇಲೆ ಕಲಿಯಬೇಕೆಂಬುದನ್ನು ಮಾತ್ರ ಅವರು ಹೇಳಲಿಲ್ಲ.

ಆ ಯಂತ್ರಗಳಲ್ಲಿ ವಿದ್ಯುತ್ತು ಹರಿಯುತ್ತದೆ, ಪರದೆ ಬೆಳಗುತ್ತದೆ, ಕೀಲಿಮಣೆಯ ಅಕ್ಷರಗಳು ಅರ್ಧ ಅಳಿಸಿದ್ದರೂ ಒತ್ತಿದರೆ ಮೂಡುತ್ತವೆ. ಹಾಗಿದ್ದ ಮೇಲೆ ಅವು ಸತ್ತದ್ದು ಹೇಗೆ? ಯಾರು ಕೊಂದರು? ಈ ಪ್ರಶ್ನೆಯನ್ನು ಹಿಡಿದು ನಾನು ಮೂರು ಸಂಜೆ ಆ ಶಾಲೆಯಲ್ಲಿ ಕುಳಿತಿದ್ದೆ. ಅಲ್ಲಿ ಕಂಡದ್ದನ್ನು ಓದುಗರ ಮುಂದಿಡುತ್ತೇನೆ. ಇದು ಬರಿಯ ಯಂತ್ರದ ಮಾತೆಂದು ಯಾರೂ ಪುಟ ಮಗುಚಬಾರದು. ಸರ್ಕಾರದ ಹಣ, ಬಡವರ ಮಕ್ಕಳ ವಿದ್ಯೆ ಎರಡೂ ಇದರಲ್ಲಿ ಸಿಕ್ಕಿಕೊಂಡಿವೆ.

ಕೆಲಸ ಏನಾಗಿತ್ತು?

ಆ ಶಾಲೆಯ ವಾರ್ಷಿಕ ಪತ್ರಿಕೆಗಳು 2003ರಿಂದ ಹತ್ತು ವರ್ಷಗಳ ಕಾಲ ಕಂಪ್ಯೂಟರಿನಲ್ಲೇ ಬೆರಳಚ್ಚಾಗಿದ್ದವು. ಅಚ್ಚಿನ ಪ್ರತಿಗಳಲ್ಲಿ ಹೆಚ್ಚಿನವು ಗೆದ್ದಲಿಗೆ ಹೋಗಿವೆ. ಕಡತಗಳು ಮಾತ್ರ ಉಳಿದಿವೆ. ಆದರೆ ತೆರೆದು ನೋಡಿದರೆ ಕನ್ನಡವಿಲ್ಲ, ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಕಲಸುಮೇಲೋಗರ. ಕಾರಣ ಇಷ್ಟೆ: ಆ ಕಾಲದಲ್ಲಿ ಕನ್ನಡ ಅಕ್ಷರದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕೂರಿಸಿ ಫಾಂಟು ಮಾಡುತ್ತಿದ್ದರು. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಗೊಂದಲ. ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ಕನ್ನಡಕ್ಕೆ ಅದರದೇ ಸ್ವಂತ ಮನೆ 1991ರಲ್ಲೇ ಸಿಕ್ಕಿತ್ತು. ಅದು ನಮ್ಮ ಕಚೇರಿ, ಶಾಲೆ, ಅಚ್ಚುಕೂಟಗಳ ಬಳಕೆಗೆ ಬರುವಾಗ ಬಹಳ ವರ್ಷಗಳು ಕಳೆದಿದ್ದವು.

ಹಳೆಯ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪ್ರೋಗ್ರಾಮುಗಳನ್ನು ಕನ್ನಡದ ಅಭಿಮಾನಿಗಳು ಬರೆದು ಪುಕ್ಕಟೆಯಾಗಿ ಹಂಚಿದ್ದಾರೆ. ಅಂಥದೊಂದನ್ನು ಶಾಲೆಯ ಯಂತ್ರದ ಮೇಲೆ ನಡೆಸಬೇಕೆಂದು ಊರಿನದೇ ಪಾಲಿಟೆಕ್ನಿಕ್ ಹುಡುಗನೊಬ್ಬ ಹೊರಟ. ಅವನ ಹಿಂದೆ ಒಂಬತ್ತನೇ ತರಗತಿಯ ಏಳೆಂಟು ಮಕ್ಕಳು. ಮೊದಲ ಸಂಜೆ ಮುಗಿಯುವ ಹೊತ್ತಿಗೆ ಅವನೂ ಸೋತು, “ಮೇಷ್ಟ್ರೇ, ಸಾಹೇಬರು ಹೇಳಿದ್ದೇ ಸರಿ, ಇದು ಆಗದ ಕೆಲಸ” ಎಂದ. ಪರದೆಯ ಮೇಲೆ ಕೆಂಪು ಅಕ್ಷರಗಳ ಸಾಲು ಸಾಲು.

ಇಲ್ಲಿ ನಾಲ್ಕು ಮಾತು ವಿವರಣೆ ಬೇಕು. ಪ್ರೋಗ್ರಾಮನ್ನು ಮನುಷ್ಯರು ಬರೆದಿಡುವ ರೂಪಕ್ಕೆ ಸೋರ್ಸ್ ಕೋಡ್ ಎನ್ನುತ್ತಾರೆ. ನಾವು ಮೂಲಪಾಠ ಎನ್ನೋಣ. ಅದನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರುವುದೇ ಪ್ರೋಗ್ರಾಮು ಕಟ್ಟುವುದು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲವನ್ನು ಕಂಡ ಹಿರಿಯರಿಗೆ ಇದು ಬೇಗ ತಿಳಿದೀತು. ಮೂಲಪಾಠವೆಂದರೆ ಲೇಖಕನ ಹಸ್ತಪ್ರತಿ. ಕಂಪೈಲರು ಎಂದರೆ ಮೊಳೆ ಜೋಡಿಸುವವನು. ಲೈಬ್ರರಿಗಳೆಂದರೆ ಮೊಳೆಗಳ ಪೆಟ್ಟಿಗೆಗಳು. ಹಸ್ತಪ್ರತಿಯಲ್ಲಿ ಪೆಟ್ಟಿಗೆಯಲ್ಲಿಲ್ಲದ ಅಕ್ಷರವೊಂದು ಬಂದರೆ ಜೋಡಿಸುವವನು ಕೈ ನಿಲ್ಲಿಸುತ್ತಾನೆ. ಹಳೆಯ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಹೊಸ ಪ್ರೋಗ್ರಾಮು ಕಟ್ಟಲು ಹೋದಾಗ ಆಗುವುದು ಬಹುಮಟ್ಟಿಗೆ ಇಷ್ಟೇ: ಹಸ್ತಪ್ರತಿ ಇಂದಿನದು, ಮೊಳೆಪೆಟ್ಟಿಗೆ 2016ರದು. ಇದರಿಂದ ಅಚ್ಚುಯಂತ್ರವೇ ಕೆಟ್ಟಿತೆಂದು ಹೇಳುವವನನ್ನು ಏನೆನ್ನಬೇಕು?

ಸಿದ್ಧ ಅಡುಗೆ ಜೀರ್ಣವಾಗಲಿಲ್ಲ

ಹುಡುಗ ಮೊದಲು ಸುಲಭದ ದಾರಿ ಹಿಡಿದ. ಬೇರೆಯವರು ಕಟ್ಟಿಟ್ಟ ಸಿದ್ಧ ಪ್ರೋಗ್ರಾಮನ್ನೇ ಪೆನ್‌ಡ್ರೈವಿನಲ್ಲಿ ತಂದ. ಅದು 64 ಬಿಟ್ಟಿನದು; ಯಂತ್ರ 32 ಬಿಟ್ಟಿನದು. ಈ ರೂಪದ ಕಡತವನ್ನು ನಡೆಸಲಾರೆನೆಂದು ಯಂತ್ರ ಹೇಳಿತು. ಆಮೇಲೆ ತನ್ನ ಲ್ಯಾಪ್‌ಟಾಪಿನಲ್ಲಿ, ಅಂದರೆ ಉಬುಂಟು 22.04ರಲ್ಲಿ, 32 ಬಿಟ್ಟಿಗೆಂದೇ ಕಟ್ಟಿ ತಂದ. ಆಗ ಬಂದ ಉತ್ತರ: ಗ್ಲಿಬ್‌ಸಿ 2.34 ಸಿಗಲಿಲ್ಲ.

ಈ ಗ್ಲಿಬ್‌ಸಿ ಎಂಬುದು ಲಿನಕ್ಸಿನ ತಳಪಾಯದ ಲೈಬ್ರರಿ. ಕಡತ ತೆರೆಯುವುದು, ಮೆಮೊರಿ ಕೇಳುವುದು, ಗಡಿಯಾರ ನೋಡುವುದು ಎಲ್ಲಕ್ಕೂ ಹೆಚ್ಚಿನ ಪ್ರೋಗ್ರಾಮುಗಳು ಇದರ ಮೂಲಕವೇ ಹೋಗಬೇಕು. ಉಬುಂಟು 16.04ರಲ್ಲಿರುವುದು ಅದರ 2.23ನೆಯ ಆವೃತ್ತಿ, 22.04ರಲ್ಲಿರುವುದು 2.35. ಹಳೆಯದರ ಮೇಲೆ ಕಟ್ಟಿದ್ದು ಸಾಮಾನ್ಯವಾಗಿ ಹೊಸದರಲ್ಲಿ ನಡೆಯುತ್ತದೆ. ಹೊಸದರ ಮೇಲೆ ಕಟ್ಟಿದ್ದು ಹಳೆಯದರಲ್ಲಿ ನಡೆಯುತ್ತದೆಂಬ ಭರವಸೆಯಿಲ್ಲ. ಅಜ್ಜನ ಮಾತು ಮೊಮ್ಮಗನಿಗೆ ತಿಳಿಯುತ್ತದೆ, ಮೊಮ್ಮಗನ ಹೊಸ ಮಾತು ಅಜ್ಜನಿಗೆ ತಿಳಿಯದು.

ಹಾಗಾದರೆ ಗ್ಲಿಬ್‌ಸಿಯನ್ನೇ ಕಿತ್ತು ಹೊಸದು ಹಾಕೋಣವೇ ಎಂದು ಒಬ್ಬ ಹುಡುಗ ಕೇಳಿದ. ಬುದ್ಧಿವಂತ ಪ್ರಶ್ನೆ, ಆದರೆ ಅಪಾಯದ ಪ್ರಶ್ನೆ. ಮನೆಯೊಳಗೆ ಜನವಿರುವಾಗ ತಳಪಾಯ ಕೀಳುವ ಕೆಲಸವದು. ಆ ಲೈಬ್ರರಿ ಒಂದು ಕ್ಷಣ ತಪ್ಪಿದರೆ ಅದನ್ನು ಸರಿಪಡಿಸಬೇಕಾದ ಸಲಕರಣೆಯೂ ನಡೆಯುವುದಿಲ್ಲ. ಹೀಗೆ ಮಾಡಿ ಯಂತ್ರ ಕೆಡಿಸಿಕೊಂಡವರು ಬಹಳ. ಉಳಿದ ದಾರಿ ಒಂದೇ: ಮೂಲಪಾಠ ತಂದು ಆ ಹಳೆಯ ಯಂತ್ರದ ಮೇಲೆಯೇ ಕಟ್ಟುವುದು. ಮೊದಲ ಸಂಜೆಯ ಕೆಂಪು ಅಕ್ಷರಗಳು ಬಂದದ್ದು ಆ ದಾರಿಯಲ್ಲಿ.

ಮೊದಲ ತಪ್ಪನ್ನು ಓದಿರಿ

ಎರಡನೆಯ ಸಂಜೆ ನಾನು ಮೇಷ್ಟರ ಹಳೆಯ ಅಭ್ಯಾಸದಂತೆ ಒಂದು ಕಟ್ಟಳೆ ಹಾಕಿದೆ. ಪರದೆಯ ಕೊನೆಯ ಸಾಲನ್ನು ಯಾರೂ ನೋಡಕೂಡದು. ಮೇಲಕ್ಕೆ ಹೋಗಿ ಮೊದಲ ತಪ್ಪನ್ನು ಹುಡುಕಿ ಗಟ್ಟಿಯಾಗಿ ಓದಬೇಕು. ಲೆಕ್ಕದಲ್ಲಿ ಎರಡನೆಯ ಮೆಟ್ಟಿಲಲ್ಲಿ ತಪ್ಪಿದ ಹುಡುಗನ ಉತ್ತರ ಕೊನೆಯವರೆಗೂ ತಪ್ಪೇ. ಆದರೆ ಅವನು ಮಾಡಿದ ತಪ್ಪು ಒಂದೇ. ಇಲ್ಲಿಯೂ ಹಾಗೆ. ಮುನ್ನೂರು ಸಾಲಿನ ಗೋಳಾಟದಲ್ಲಿ ಮೂಲ ತಪ್ಪು ಒಂದೋ ಎರಡೋ. ಉಳಿದದ್ದೆಲ್ಲ ಅದರ ಸಂತಾನ.

ಓದಿದಾಗ ಸಿಕ್ಕ ಮೊದಲ ತಪ್ಪು ನಗು ತರಿಸುವಂಥದು. ಯಂತ್ರದ ಗಡಿಯಾರದಲ್ಲಿ 2009ನೆಯ ಇಸವಿ! ಮದರ್‌ಬೋರ್ಡಿನ ಮೇಲಿನ ಗುಂಡಿಯಾಕಾರದ 3 ವೋಲ್ಟಿನ ಬ್ಯಾಟರಿ ಸತ್ತಿತ್ತು. ಪ್ರತಿಸಲ ವಿದ್ಯುತ್ತು ಹೋದಾಗಲೂ ಯಂತ್ರ ಹಳೆಯ ತಾರೀಖಿಗೆ ಮರಳುತ್ತಿತ್ತು. ಹಾಗಾಗಿ ಜಾಲತಾಣಗಳ ಪ್ರಮಾಣಪತ್ರಗಳೆಲ್ಲ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟದ ಕೂಸುಗಳು. ಒಂದನ್ನೂ ಅದು ನಂಬದು. ಮೇಕ್ ಎಂಬ ಸಲಕರಣೆಗೂ ಇದೇ ತೊಂದರೆ. ಯಾವ ಕಡತ ಯಾವುದಕ್ಕಿಂತ ಹೊಸದೆಂದು ಹೊತ್ತು ನೋಡಿಯೇ ಅದು ಕಟ್ಟುವ ಕೆಲಸ ಮಾಡುತ್ತದೆ. ಕಡತಗಳ ಹೊತ್ತು ಭವಿಷ್ಯದಲ್ಲಿದೆ, ಕಟ್ಟಿದ್ದು ಅಪೂರ್ಣವಾಗಿರಬಹುದು ಎಂದು ಅದು ಎಚ್ಚರಿಸುತ್ತಲೇ ಇತ್ತು. ಯಾರೂ ಓದಿರಲಿಲ್ಲ. ಎರಡು ಪ್ಲೇಟು ಇಡ್ಲಿಯ ಹಣಕ್ಕೆ ಸಿಗುವ ಬ್ಯಾಟರಿ. ಸಾಹೇಬರು ಗುಜರಿಗೆ ಬರೆದ ಯಂತ್ರದ ಮೊದಲ ರೋಗ ಇಷ್ಟು!

ಎರಡನೆಯದು ನಂಬಿಕೆಯ ಪ್ರಶ್ನೆ. ಗಡಿಯಾರ ಸರಿಯಾದ ಮೇಲೂ ಮೂಲಪಾಠ ಇಳಿಸುವ ತಾಣವನ್ನು ಯಂತ್ರ ಒಪ್ಪಲಿಲ್ಲ. ಆ ತಾಣಕ್ಕೆ ಪ್ರಮಾಣಪತ್ರ ಕೊಟ್ಟದ್ದು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭಕ್ಕಲ್ಲದ ಸಂಸ್ಥೆ. ಮೊದಮೊದಲು ಅದಕ್ಕೆ ಇನ್ನೊಂದು ಹಳೆಯ ಸಂಸ್ಥೆಯ ಮೂಲ ಪ್ರಮಾಣಪತ್ರದ ಜಾಮೀನಿತ್ತು. ಆ ಹಳೆಯ ಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಲೆಟ್ಸ್ ಎನ್‌ಕ್ರಿಪ್ಟ್‌ನ ಸ್ವಂತ ಮೂಲಪತ್ರದ ಹೆಸರು ನಮ್ಮ ಯಂತ್ರದ ಪಟ್ಟಿಯಲ್ಲಿ ಇರಲೇ ಇಲ್ಲ, ಏಕೆಂದರೆ 2016ರ ನಂತರ ಆ ಪಟ್ಟಿಯನ್ನು ಯಾರೂ ತಿದ್ದಿರಲಿಲ್ಲ. ಪರೀಕ್ಷೆಯನ್ನೇ ಬಿಟ್ಟುಬಿಡು ಎಂದು ಯಂತ್ರಕ್ಕೆ ಹೇಳುವ ಅಡ್ಡದಾರಿಯೂ ಉಂಟು. ಅನೇಕರು ಅದನ್ನೇ ಉಪದೇಶಿಸುತ್ತಾರೆ. ಬಾಗಿಲಿನ ಚಿಲಕ ಬಿಗಿಯಾಗಿದೆಯೆಂದು ಬಾಗಿಲನ್ನೇ ಕಿತ್ತಿಟ್ಟ ಹಾಗೆ ಅದು. ಹುಡುಗ ಸರಿಯಾದ ದಾರಿ ಹಿಡಿದ. ಉಬುಂಟುವಿನ ಹಳೆಯ ಉಗ್ರಾಣದಿಂದ ನಂತರದ ಪ್ರಮಾಣಪತ್ರಗಳ ಕಟ್ಟನ್ನೂ, 2021ರ ಏಪ್ರಿಲ್‌ವರೆಗೆ ಎಲ್ಲರಿಗೂ ಬಂದಿದ್ದ ತಿದ್ದುಪಡಿಗಳನ್ನೂ ತಂದು ಹಾಕಿದ. ಬಾಗಿಲು ತೆರೆಯಿತು.

ಮೂರನೆಯ ತಪ್ಪು ಸಿಮೇಕ್ ಎಂಬ ಮೇಸ್ತ್ರಿಯದು. ಯಾವುದನ್ನು ಯಾವ ಕ್ರಮದಲ್ಲಿ ಕಟ್ಟಬೇಕೆಂದು ಏರ್ಪಡಿಸುವ ಸಲಕರಣೆ ಇದು. ಮೂಲಪಾಠದ ಮೊದಲ ಸಾಲಿನಲ್ಲಿ, ಸಿಮೇಕ್ 3.10 ಇಲ್ಲವೆ ಅದಕ್ಕಿಂತ ಹೊಸದು ಬೇಕು ಎಂದಿತ್ತು, ನಮ್ಮಲ್ಲಿದ್ದದ್ದು 3.5.1. ನಿಜವಾಗಿ 3.10 ಬೇಕೇ, ಅಥವಾ ಬರೆದವರು ತಮ್ಮ ಯಂತ್ರದಲ್ಲಿದ್ದುದನ್ನು ಸುಮ್ಮನೆ ಬರೆದರೇ? ತಿಳಿಯುವ ಉಪಾಯ ಒಂದೇ, ಸಂಖ್ಯೆಯನ್ನು ಇಳಿಸಿ ನೋಡುವುದು. ಇಳಿಸಿದೆವು. ಆಗ ಎರಡನೆಯ ಆಕ್ಷೇಪ ಬಂತು: ಸಿ ಪ್ಲಸ್ ಪ್ಲಸ್ ಭಾಷೆಯ 2017ರ ರೂಪವನ್ನು ಈ ಮೇಸ್ತ್ರಿ ಅರಿಯನು. ಸಿಮೇಕ್ ಅದನ್ನು ಕಲಿತದ್ದು 3.8ನೆಯ ಆವೃತ್ತಿಯಲ್ಲಿ.

ಹಾಗಾದರೆ ಪ್ರೋಗ್ರಾಮಿಗೆ 2017ರ ರೂಪದಿಂದ ಬೇಕಾದದ್ದಾದರೂ ಏನು? ಮೂಲಪಾಠ ಕೈಯಲ್ಲಿದ್ದುದರಿಂದ ಮಕ್ಕಳೇ ಹುಡುಕಿದರು. ಇಡೀ ಪ್ರೋಗ್ರಾಮಿನಲ್ಲಿ ಮೂರೇ ಜಾಗ! ಸ್ಟ್ರಿಂಗ್ ವ್ಯೂ ಎಂಬ ಒಂದು ಸೌಕರ್ಯಕ್ಕಾಗಿ ಇಷ್ಟೆಲ್ಲ. ನಮ್ಮ ಯಂತ್ರದ ಕಂಪೈಲರು ಜಿಸಿಸಿ 5.4. ಆ ಸೌಕರ್ಯ ಅದರಲ್ಲೂ ಇದೆ, ಆದರೆ ಪ್ರಾಯೋಗಿಕವೆಂಬ ಬೇರೆ ಕಪಾಟಿನಲ್ಲಿ. ಅದು ಪಂಕ್ತಿಗೆ ಬಂದು ಕುಳಿತದ್ದು ಜಿಸಿಸಿ 7ರಲ್ಲಿ. ಮೂರು ಜಾಗದಲ್ಲಿ ಹೆಸರು ತಿದ್ದಿ, 2017 ಎಂದಿದ್ದುದನ್ನು 2014ಕ್ಕೆ ಇಳಿಸಿದ್ದಾಯಿತು. ಮೂರು ಪದಗಳ ಸಲುವಾಗಿ ಎಂಟು ಯಂತ್ರಗಳು ಗುಜರಿಗೆ ಹೋಗಬೇಕಾಗಿತ್ತೆಂಬುದನ್ನು ಓದುಗರು ಗಮನಿಸಬೇಕು.

ಉಳಿದವು ಚಿಕ್ಕವು. ಐಸಿಯು ಎಂಬ ಯೂನಿಕೋಡ್ ಲೈಬ್ರರಿ ಯಂತ್ರದಲ್ಲಿತ್ತು, ಆದರೆ ಅದರ ಮೇಲೆ ಪ್ರೋಗ್ರಾಮು ಕಟ್ಟಲು ಬೇಕಾದ ತಲೆಬರಹದ ಕಡತಗಳು ಇರಲಿಲ್ಲ. ಅವು ಬೇರೆ ಕಟ್ಟಿನಲ್ಲಿರುತ್ತವೆ. ಉಗ್ರಾಣದಿಂದ ತಂದೆವು. ಕೊನೆಗೆ ಕಂಪೈಲರು ನಡುವೆಯೇ ಸತ್ತುಬಿತ್ತು. ಕೊಲ್ಲಲಾಯಿತು ಎಂಬ ಒಂದೇ ಪದ ಪರದೆಯ ಮೇಲೆ. ಇದು ಮೂಲಪಾಠದ ತಪ್ಪಲ್ಲ, ಹಸಿವಿನ ಸಾವು. ನಾಲ್ಕು ಕೆಲಸ ಒಟ್ಟಿಗೆ ನಡೆಸು ಎಂದು ಸೂಚನೆಯ ಪುಟದಲ್ಲಿದ್ದುದನ್ನು ಹುಡುಗ ಹಾಗೆಯೇ ಒತ್ತಿದ್ದ. 1 ಜಿಬಿ ಮೆಮೊರಿ ನಾಲ್ವರಿಗೆ ಸಾಲದೆ ಹೋಯಿತು. ಒಂದೊಂದಾಗಿ ಮಾಡಲು ಹೇಳಿ, ಡಿಸ್ಕಿನ ಸ್ವಲ್ಪ ಭಾಗವನ್ನು ಮೆಮೊರಿಗೆ ಆಸರೆಯಾಗಿ ಕೊಟ್ಟು ಕಾದೆವು. ನಿಧಾನ, ಆದರೆ ಆಯಿತು.

ಮೂರನೆಯ ಸಂಜೆ 2004ರ ಸಂಚಿಕೆಯನ್ನು ತಿರುಗಿಸಿ ನೋಡಿದಾಗ ಕನ್ನಡ ಮೂಡಿತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ತಂದೆ ಎಂಟನೆಯ ತರಗತಿಯಲ್ಲಿದ್ದಾಗ ಕೆರೆ ಒಡೆದ ವಿಷಯವಾಗಿ ಬರೆದಿದ್ದ ಅರ್ಧ ಪುಟದ ಲೇಖನವನ್ನು ನಿಂತು ಓದಿದಳು. ಆ ತಂದೆ ಈಗ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದಾನೆ.

ತಾರೀಖು ಇಡುವವರು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಯಂತ್ರ ಹಳೆಯದೆಂದು ತೀರ್ಪು ಕೊಡುವವರು ಯಾರು?

ಲೋಹ ಸವೆದು ಯಂತ್ರ ಹಳೆಯದಾಗುವುದು ಪ್ರಕೃತಿ ನಿಯಮ. ಆದರೆ ಕಂಪ್ಯೂಟರಿನ ಮುಪ್ಪು ಬಹುಮಟ್ಟಿಗೆ ಕಾಗದದ ಮೇಲಿನ ಮುಪ್ಪು. ಮೈಕ್ರೋಸಾಫ್ಟ್ ಕಂಪೆನಿ ವಿಂಡೋಸ್ 7ರ ಬೆಂಬಲವನ್ನು 2020ರ ಜನವರಿ 14ಕ್ಕೆ ನಿಲ್ಲಿಸಿತು. ವಿಂಡೋಸ್ 10ರದನ್ನು 2025ರ ಅಕ್ಟೋಬರ್ 14ಕ್ಕೆ. ಆಮೇಲೂ ಸ್ವಲ್ಪ ಕಾಲ ರಕ್ಷಣೆಯ ತಿದ್ದುಪಡಿ ಪಡೆಯುವುದಕ್ಕೆ ಷರತ್ತು, ಶುಲ್ಕಗಳ ಬೇರೆ ಏರ್ಪಾಡು. 2021ರಲ್ಲಿ ಬಂದ ವಿಂಡೋಸ್ 11 ಯಂತ್ರದಲ್ಲಿ ಟಿಪಿಎಂ 2.0 ಎಂಬ ರಕ್ಷಣೆಯ ಚಿಪ್ಪು ಇರಬೇಕೆಂದೂ, ಪ್ರೊಸೆಸರು ತಾನು ಒಪ್ಪಿದ ಪಟ್ಟಿಯದೇ ಆಗಿರಬೇಕೆಂದೂ ಕಟ್ಟಳೆ ಮಾಡಿತು. ಹಿಂದಿನ ದಿನದವರೆಗೆ ಚೆನ್ನಾಗಿಯೇ ದುಡಿಯುತ್ತಿದ್ದ ಯಂತ್ರಗಳು ಆ ಪಟ್ಟಿಯ ಹೊರಗೆ ಬಿದ್ದವು.

ಇದು ಕೇವಲ ಒಂದು ಕಂಪೆನಿಯ ದೋಷವೆಂದು ತಿಳಿಯಬಾರದು. ಲಿನಕ್ಸಿನಲ್ಲೂ ಹಣವಂತರ ಮಾತಿನ ಬೆಲೆ ಕಂಡಿದ್ದೇವೆ. ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಬೆಂಬಲವಿದೆಯೆಂದು ನಂಬಿ ಜಗತ್ತಿನ ಎಷ್ಟೋ ಕಾಲೇಜುಗಳು, ಪ್ರಯೋಗಾಲಯಗಳು ಅದನ್ನು ಹಾಕಿಕೊಂಡವು. 2020ರ ಡಿಸೆಂಬರಿನಲ್ಲಿ ರೆಡ್ ಹ್ಯಾಟ್ ಕಂಪೆನಿ ಮಾತು ಬದಲಿಸಿ, ಅದು 2021ರ ಡಿಸೆಂಬರ್ 31ಕ್ಕೇ ಮುಗಿಯುವುದೆಂದು ಸಾರಿತು. ಎಂಟು ವರ್ಷದ ಮಾತು ಒಂದು ವರ್ಷಕ್ಕೆ ಇಳಿಯಿತು!

ಆದರೆ ಇಲ್ಲೊಂದು ಭೇದವಿದೆ, ನನ್ನ ವಾದದ ತಿರುಳೂ ಅದೇ. ಸೆಂಟ್‌ಓಎಸ್‌ನ ಮೂಲಪಾಠ ಜನರ ಕೈಯಲ್ಲಿತ್ತು. ಆದ್ದರಿಂದ 2021ರಲ್ಲೇ ಆಲ್ಮಾ ಲಿನಕ್ಸ್, ರಾಕಿ ಲಿನಕ್ಸ್ ಎಂಬ ಎರಡು ಹೊಸ ಏರ್ಪಾಡುಗಳು ಎದ್ದು ನಿಂತವು. ನಂಬಿ ಕೆಟ್ಟವರಿಗೆ ನಿಲ್ಲಲು ನೆಲೆ ಸಿಕ್ಕಿತು. ಮುಚ್ಚಿದ ಪ್ರೋಗ್ರಾಮಿನಲ್ಲಿ ಈ ದಾರಿ ಇಲ್ಲ. ಕಂಪೆನಿ ಕೈಬಿಟ್ಟಾಗ ಬೇಡುವುದು, ಇಲ್ಲವೇ ಕೊಳ್ಳುವುದು ಅಷ್ಟೇ ಉಳಿಯುತ್ತದೆ. ನಮ್ಮ ಹೋಬಳಿಯ ಮಕ್ಕಳು ಮೂರು ಪದ ತಿದ್ದಿ ಯಂತ್ರವನ್ನು ಉಳಿಸಿಕೊಂಡರಲ್ಲ, ಮೂಲಪಾಠ ಯಾರದೋ ಬೀಗದ ಕೋಣೆಯಲ್ಲಿದ್ದಿದ್ದರೆ ಆ ಮೂರು ಪದ ಎಲ್ಲಿವೆಯೆಂದೇ ಅವರಿಗೆ ತಿಳಿಯುತ್ತಿರಲಿಲ್ಲ. ಉಳುವವನಿಗೆ ಭೂಮಿ ಬೇಕೆಂದು ಹೇಳುವ ನಾವು, ಬಳಸುವವನಿಗೆ ಮೂಲಪಾಠ ಬೇಕೆಂದು ಏಕೆ ಹೇಳಬಾರದು?

ಎದುರು ವಾದಕ್ಕೂ ಉತ್ತರ ಕೊಡಬೇಕು

ಹಳೆಯದನ್ನು ಹಾಗೆಯೇ ತಬ್ಬಿ ಕೂರಬೇಕೆಂದು ನಾನು ಹೇಳುತ್ತಿಲ್ಲ. ತಿದ್ದುಪಡಿ ನಿಂತ ಆಪರೇಟಿಂಗ್ ಸಿಸ್ಟಮ್ಮನ್ನು ಜಾಲಕ್ಕೆ ಜೋಡಿಸಿಡುವುದು ಅಪಾಯ. 2017ರ ಮೇ ತಿಂಗಳಿನಲ್ಲಿ ವಾನಾಕ್ರೈ ಎಂಬ ಪಿಡುಗು ತಿದ್ದುಪಡಿ ಹಾಕದ ವಿಂಡೋಸ್ ಯಂತ್ರಗಳನ್ನು ಹೊಕ್ಕು ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕೆಲಸವನ್ನೇ ನಿಲ್ಲಿಸಿತ್ತು. ಆ ತೊಡರಿಗೆ ಮದ್ದು ಎರಡು ತಿಂಗಳ ಮೊದಲೇ ಬಂದಿತ್ತೆಂಬುದು ಬೇರೆ ಮಾತು. ಆದ್ದರಿಂದ ಶಾಲೆಯ ಎಂಟರಲ್ಲಿ ಏಳನ್ನು ಜಾಲದಿಂದ ಬಿಡಿಸಿದ್ದೇವೆ; ಕಡತಗಳು ಪೆನ್‌ಡ್ರೈವಿನಲ್ಲಿ ಬಂದು ಹೋಗುತ್ತವೆ. ಎಂಟನೆಯದಕ್ಕೆ ಡೆಬಿಯನ್ 12 ಹಾಕಲಾಗಿದೆ. 2023ರ ಜೂನಿನಲ್ಲಿ ಬಂದ ಇದು 32 ಬಿಟ್ಟಿನ ಯಂತ್ರಕ್ಕೂ ಹಾಕಬಹುದಾದದ್ದು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಆ ಬಗೆಯ ಯಂತ್ರಕ್ಕೆ ಅನುಸ್ಥಾಪನೆಯ ಡಿಸ್ಕೂ ಇಲ್ಲ, ಕರ್ನೆಲ್ಲೂ ಇಲ್ಲ. ಅಂದರೆ ಅಲ್ಲಿಯೂ ದಾರಿ ಮುಗಿಯುತ್ತಾ ಬಂದಿದೆ.

ಹಾಗೆಂದು ಡೆಬಿಯನ್ನಿನವರನ್ನು ಬೈಯೋಣವೇ? ಸಲ್ಲದು. ಅವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಪ್ರತಿಯೊಂದು ಹಳೆಯ ಯಂತ್ರದ ಮೇಲೂ ಕಟ್ಟಿ, ಪರೀಕ್ಷಿಸಿ, ತಪ್ಪು ತಿದ್ದುವುದು ಹಗಲಿರುಳಿನ ಕೆಲಸ. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಹೊರಬಿದ್ದಾಗ ಜಗತ್ತಿನ ಬ್ಯಾಂಕು, ಅಂಗಡಿಗಳೆಲ್ಲ ಓಪನ್‌ಎಸ್‌ಎಸ್‌ಎಲ್ ಎಂಬ ಪ್ರೋಗ್ರಾಮನ್ನು ನೆಚ್ಚಿದ್ದವೆಂದೂ, ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನವೆಂದೂ ಬಯಲಾಯಿತು. ಹತ್ತು ವರ್ಷದ ಬಳಿಕ, 2024ರ ಮಾರ್ಚಿನಲ್ಲಿ, ಎಕ್ಸ್‌ಝೆಡ್ ಎಂಬ ಚಿಕ್ಕ ಸಲಕರಣೆಯಲ್ಲಿ ಕಳ್ಳಬಾಗಿಲು ಸಿಕ್ಕಿತು. ಒಬ್ಬಂಟಿಯಾಗಿ ಅದನ್ನು ನೋಡಿಕೊಂಡು ದಣಿದಿದ್ದ ಮನುಷ್ಯನಿಗೆ ನೆರವಿನ ಸೋಗು ಹಾಕಿ ಬಂದವನು ಮಾಡಿದ ದ್ರೋಹವದು. ಕೋಟಿ ಕೋಟಿ ಲಾಭ ಎತ್ತುವ ಕಂಪೆನಿಗಳು ಈ ದುಡಿಮೆಯನ್ನು ಪುಕ್ಕಟೆ ಉಣ್ಣುತ್ತವೆ. ದುಡಿದವನು ದಣಿದು ಹಳೆಯ ಯಂತ್ರವನ್ನು ಕೈಬಿಟ್ಟರೆ ಏಟು ಬೀಳುವುದು ಹೋಬಳಿಯ ಶಾಲೆಗೆ.

ಮನಸ್ಸಿದ್ದರೆ ಹಳೆಯದನ್ನು ಕಾಪಾಡಬಹುದೆಂಬುದಕ್ಕೆ ಸಾಕ್ಷಿಯಿದೆ. ವಿದ್ಯುದಾಗಾರ, ರೈಲು, ಕಾರ್ಖಾನೆಗಳ ಯಂತ್ರಗಳಿಗಾಗಿ 2016ರಲ್ಲಿ ದೊಡ್ಡ ಕಂಪೆನಿಗಳು ಕೂಡಿ ಸಿವಿಲ್ ಇನ್‌ಫ್ರಾಸ್ಟ್ರಕ್ಚರ್ ಪ್ಲಾಟ್‌ಫಾರಂ ಎಂಬ ಏರ್ಪಾಡು ಮಾಡಿಕೊಂಡವು. ಒಂದೇ ಲಿನಕ್ಸ್ ಕರ್ನೆಲ್ಲನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ತಿದ್ದುತ್ತಾ ಹೋಗುವುದು ಅದರ ಗುರಿ. ತಮ್ಮ ಕಾರ್ಖಾನೆ ನಿಲ್ಲಬಾರದೆಂದಾಗ ಹತ್ತು ವರ್ಷ ಹೆಚ್ಚಲ್ಲ. ಬಡವರ ಶಾಲೆಯ ಮಾತು ಬಂದಾಗ ಐದು ವರ್ಷಕ್ಕೇ ಔಟ್‌ಡೇಟೆಡ್! ಜರ್ಮನಿಯ ಸರ್ಕಾರ 2022ರಲ್ಲಿ ಸಾವರಿನ್ ಟೆಕ್ ಫಂಡ್ ಎಂಬ ನಿಧಿ ಸ್ಥಾಪಿಸಿ ಇಂಥ ತಳಪಾಯದ ಪ್ರೋಗ್ರಾಮುಗಳನ್ನು ನೋಡಿಕೊಳ್ಳುವವರಿಗೆ ಸಾರ್ವಜನಿಕ ಹಣ ಕೊಡತೊಡಗಿತು. ಅಷ್ಟು ದೂರ ಹೋಗುವುದೂ ಬೇಡ. ನೆರೆಯ ಕೇರಳ 2001ರಲ್ಲಿ ಶಾಲೆಗಳಿಗೆಂದು ಐಟಿ ಅಟ್ ಸ್ಕೂಲ್ ಯೋಜನೆ ಆರಂಭಿಸಿ, ಮುಂದೆ ಅದನ್ನು ಸ್ವತಂತ್ರ ತಂತ್ರಾಂಶದ ದಾರಿಗೆ ತಂದಿತು. 2017ರಲ್ಲಿ ಅದು ಕೈಟ್ ಎಂಬ ಸರ್ಕಾರಿ ಕಂಪೆನಿಯಾಯಿತು. ತನ್ನ ಶಾಲೆಗಳಿಗೆ ಬೇಕಾದ ಲಿನಕ್ಸನ್ನು ಅದು ತಾನೇ ಸಿದ್ಧಪಡಿಸಿ ಕೊಡುತ್ತದೆ, ಮೇಷ್ಟರುಗಳಿಗೇ ತರಬೇತಿ ಕೊಡುತ್ತದೆ. ಅಲ್ಲಿ ಆದದ್ದು ಇಲ್ಲಿ ಏಕಾಗದು?

ನಾವು ಕೇಳಬೇಕಾದದ್ದು

ಮೊದಲನೆಯದಾಗಿ, ಯಾವ ಶಾಲೆಯ ಕಂಪ್ಯೂಟರನ್ನೂ ಬಾಗಿಲಲ್ಲಿ ನಿಂತು ನೋಡಿ ಗುಜರಿಗೆ ಬರೆಯಕೂಡದು. ಬ್ಯಾಟರಿ, ಮೆಮೊರಿ, ಡಿಸ್ಕು, ಆಪರೇಟಿಂಗ್ ಸಿಸ್ಟಂ ಇವನ್ನು ಒಂದೊಂದಾಗಿ ಪರೀಕ್ಷಿಸಿ, ಏನು ಕೆಟ್ಟಿದೆಯೆಂದು ಕಾಗದದ ಮೇಲೆ ಕಾರಣ ಬರೆಯಬೇಕು. ತಾಲ್ಲೂಕಿಗೆ ಒಬ್ಬ ರಿಪೇರಿಗಾರ ಬೇಕು. ಆತ ನಮ್ಮ ಪಾಲಿಟೆಕ್ನಿಕ್ಕಿನಿಂದ ಹೊರಬಂದು ಕೆಲಸವಿಲ್ಲದೆ ಅಲೆಯುವ ಹುಡುಗನೇ ಆಗಬಹುದು.

ಎರಡನೆಯದಾಗಿ, ಸರ್ಕಾರದ ಹಣದಲ್ಲಿ ಬರೆಸಿದ ಪ್ರತಿಯೊಂದು ಪ್ರೋಗ್ರಾಮಿನ ಮೂಲಪಾಠವೂ, ಅದನ್ನು ಕಟ್ಟುವ ವಿಧಾನವೂ, ಕಟ್ಟಲು ಬೇಕಾದ ಲೈಬ್ರರಿ ಕಂಪೈಲರುಗಳ ಪ್ರತಿಯೂ ಸರ್ಕಾರದ ಕೈಗೆ ಬರಬೇಕು. ಬರಿಯ ಮೂಲಪಾಠ ಸಾಲದೆಂಬುದನ್ನು ಆ ಮೂರು ಸಂಜೆಗಳು ನಮಗೆ ಕಲಿಸಿದವು. ಅಕ್ಕಿ ಇದ್ದು ಒಲೆಯಿಲ್ಲದಿದ್ದರೆ ಅನ್ನವಾಗದು.

ಮೂರನೆಯದಾಗಿ, ಹಳೆಯ ಆಪರೇಟಿಂಗ್ ಸಿಸ್ಟಮ್ಮುಗಳ ಉಗ್ರಾಣವೊಂದು ನಮ್ಮ ನೆಲದಲ್ಲೇ, ಒಂದು ವಿಶ್ವವಿದ್ಯಾನಿಲಯದಲ್ಲಿ ಇರಬೇಕು. ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿದೊಡನೆ ಅದರ ಎಂದಿನ ಹಂಚಿಕೆಯ ವಿಳಾಸವೂ ಮುಚ್ಚಿತು. ಹಳೆಯ ಕಡತಗಳು ಬೇರೊಂದು ಭಂಡಾರದಲ್ಲಿ ಉಳಿದಿದ್ದರೂ, ತಿಳಿಯದವರ ಯಂತ್ರಗಳಲ್ಲಿ ಒಂದು ಚಿಕ್ಕ ಕಟ್ಟನ್ನು ಹಾಕುವುದೂ ಆಗದೆ ಹೋಯಿತು. ಬೇರೆಯವರ ಕಣಜದ ಬೀಗದ ಕೈಯನ್ನು ನಂಬಿ ಎಷ್ಟು ಕಾಲ ಊಟ ಮಾಡಬಲ್ಲೆವು?

ಕೊನೆಯದಾಗಿ ಮೇಷ್ಟರುಗಳಿಗೆ ಒಂದು ಮಾತು. ಕಂಪ್ಯೂಟರ್ ಪಾಠವೆಂದರೆ ಚಿತ್ರದ ಮೇಲೆ ಒತ್ತುವುದನ್ನು ಕಲಿಸುವುದು ಎಂದು ತಿಳಿಯಬೇಡಿ. ಕೆಂಪು ಅಕ್ಷರ ಬಂದಾಗ ಹೆದರದೆ, ಮೇಲಕ್ಕೆ ಹೋಗಿ ಮೊದಲ ಸಾಲನ್ನು ಓದಿ, ಅದು ಏನು ಕೇಳುತ್ತಿದೆಯೆಂದು ವಿಚಾರಿಸುವುದನ್ನು ಕಲಿಸಿರಿ. ಆ ಸಂದೇಶಗಳೆಲ್ಲ ಇಂಗ್ಲಿಷಿನಲ್ಲಿರುವುದು ನಮ್ಮ ಮಕ್ಕಳಿಗೆ ಇನ್ನೊಂದು ಗೋಡೆ. ಒಂಬತ್ತನೆಯ ತರಗತಿಯ ಆ ಮಕ್ಕಳು ಮೂರು ಸಂಜೆ ನಿಘಂಟು ಹಿಡಿದು ಕುಳಿತು, ತಾವು ಕಂಡ ಪ್ರತಿಯೊಂದು ತಪ್ಪಿನ ಸಂದೇಶವನ್ನೂ, ಅದರ ಅರ್ಥವನ್ನೂ, ಮಾಡಿದ ಉಪಾಯವನ್ನೂ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದಾರೆ. ಹನ್ನೊಂದು ಪುಟ ತುಂಬಿದೆ. ಮುಂದಿನ ವರ್ಷದ ಮಕ್ಕಳಿಗೆ ಅದು ಪಾಠವಾಗುತ್ತದೆ.

ಗುಜರಿಯ ಪಟ್ಟಿ ಇನ್ನೂ ಮುಖ್ಯೋಪಾಧ್ಯಾಯಿನಿಯವರ ಮೇಜಿನ ಮೇಲಿದೆ. ಅವರು ಸಹಿ ಹಾಕಿಲ್ಲ. ಪಟ್ಟಿಗೆ ಉತ್ತರವಾಗಿ, ಎಂಟು ಯಂತ್ರಗಳಿಗೆ ಎಂಟು ಬ್ಯಾಟರಿ ಬೇಕೆಂದು ಇಲಾಖೆಗೆ ಕಾಗದ ಬರೆದಿದ್ದಾರೆ. ಅದರ ಜವಾಬು ಬಂದಾಗ ಈ ಪತ್ರಿಕೆಯಲ್ಲಿ ತಿಳಿಸುತ್ತೇನೆ. ಅಷ್ಟರೊಳಗೆ ಓದುಗರು ತಮ್ಮ ತಮ್ಮ ಊರಿನ ಶಾಲೆಗೆ ಹೋಗಿ, ಬೀಗ ಹಾಕಿದ ಕಂಪ್ಯೂಟರ್ ಕೋಣೆಯಿದ್ದರೆ ತೆಗೆಸಿ, ಒಳಗೆ ಏನಿದೆಯೆಂದು ನೋಡಿ ಬರಬೇಕೆಂದು ಪ್ರಾರ್ಥನೆ.